ಅಪಹರಣ

ಮನುಷ್ಯನನ್ನು ಬಲದಿಂದಾಗಲಿ ವಂಚನೆಯಿಂದಾಗಲಿ ಅವನಿದ್ದ ಸ್ಥಳದಿಂದ ಒಯ್ಯುವ ಕೃತ್ಯ. ಸಂಸ್ಕೃತದ ‘ಹೃ’ ಧಾತುವಿಗೆ ‘ಅಪ’ ಉಪಸರ್ಗ ಸೇರಿ ಸಿದ್ಧವಾದ ಈ ಶಬ್ದವು ಧನ, ಗೋವುಗಳ ಕಳವಿಗೂ ಮನುಷ್ಯರನ್ನು ಒಯ್ಯುವುದಕ್ಕೂ ಸಮಾನವಾಗಿ ಸಲ್ಲುತ್ತಿದ್ದಿತು. ಇಂಗ್ಲಿಷಿನ ಅಬ್ಡಕ್ಷನ್ ಶಬ್ದವು ‘ಕರೆದೊಯ್ಯು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದುದು. ಕೈಕಾಲುಗಳನ್ನು ದೇಹದ ಮಧ್ಯರೇಖೆಯಿಂದ ಹೊರಕ್ಕೆ ಸರಿಸುವ ಚಲನೆಗೂ, ಅಮೆರಿಕದ ದಾರ್ಶನಿಕ ಚಾರ್ಲ್ಸ್ ಪರ್ಸ್ ನಿರೂಪಿಸಿದ, ಕಂಡ ಸಂಗತಿಗೆ ಕಾರಣವನ್ನು ಊಹಿಸುವ ತರ್ಕಕ್ರಮಕ್ಕೂ ಅದೇ ಹೆಸರುಂಟು.

ಒಯ್ಯಲ್ಪಟ್ಟವರ ಇಚ್ಛೆಗಿಂತ ಕಳೆದುಕೊಂಡವರ ಹಾನಿಯೇ ಪ್ರಾಚೀನರಲ್ಲಿ ಬಹುಮಟ್ಟಿಗೆ ಪ್ರಧಾನವಾಗಿದ್ದಿತು. ಬಂಧುಗಳನ್ನು ಕೊಂದು, ಗೋಳಿಡುವ ಕನ್ಯೆಯನ್ನು ಮನೆಯಿಂದ ಎಳೆದೊಯ್ಯುವುದನ್ನು ಮನುಸ್ಮೃತಿಯು ರಾಕ್ಷಸವಿವಾಹವೆಂದು ಕರೆದು, ಎಂಟು ವಿವಾಹಗಳಲ್ಲಿ ಒಂದಾಗಿ ಎಣಿಸಿ, ಕ್ಷತ್ರಿಯರಿಗೆ ಅನುಮತಿಸಿದೆ. ಭೀಷ್ಮನು ಕಾಶೀರಾಜನ ಮೂವರು ಕುಮಾರಿಯರನ್ನು ಸ್ವಯಂವರದಿಂದ ಒಯ್ದುದು ಈ ಪದ್ಧತಿಗೆ ಪ್ರಸಿದ್ಧ ನಿದರ್ಶನ. ಆದರೆ ಅವರಲ್ಲೊಬ್ಬಳಾದ, ಸಾಲ್ವರಾಜನನ್ನು ಮನಸಾ ವರಿಸಿದ್ದ ಅಂಬೆಯ ದುರಂತವನ್ನು ವಿಸ್ತಾರವಾಗಿ ಹೇಳಿರುವ ಮಹಾಭಾರತಕಾರನು, ಶಾಸ್ತ್ರವು ಉಪೇಕ್ಷಿಸಿದ ಆಕೆಯ ಇಚ್ಛೆಗೆ ದನಿಯನ್ನಿತ್ತಿದ್ದಾನೆ.

ಕರ್ನಾಟಕದ ವೀರಗಲ್ಲುಗಳಲ್ಲಿ ‘ತುರುಗೊಳ್’ ಎಂಬ ಗೋಹರಣದೊಡನೆ ‘ಪೆಣ್ಬುಯ್ಯಲ್’ ಎಂಬ ಮಾತೂ ಕಾಣಿಸುತ್ತದೆ. ಶತ್ರುಗಳು ಊರ ಮೇಲೆ ಬಿದ್ದಾಗ ಎದ್ದ ಹೆಂಗಳ ಮೊರೆಯನ್ನು ಕೇಳಿ ಹೋರಾಡಿ ಮಡಿದವರ ಸ್ಮಾರಕಗಳಿವು. ರಕ್ಷಿಸಿದ ವೀರನ ಹೆಸರು ಕಲ್ಲಿನಲ್ಲಿ ನಿಂತಿದ್ದರೂ ಮೊರೆಯಿಟ್ಟವರ ಹೆಸರುಗಳು ಸಾಮಾನ್ಯವಾಗಿ ಉಳಿದುಬಂದಿಲ್ಲ.

1860ರ ಭಾರತ ದಂಡಸಂಹಿತೆಯು ಎರಡು ಅಪರಾಧಗಳನ್ನು ಬೇರ್ಪಡಿಸಿತು. ಅಪ್ರಾಪ್ತವಯಸ್ಕರನ್ನು ಪೋಷಕರ ಸಮ್ಮತಿಯಿಲ್ಲದೆ ಅವರ ವಶದಿಂದ ಒಯ್ಯುವುದು ಕಿಡ್ನ್ಯಾಪಿಂಗ್. ಇಲ್ಲಿ ಮಗುವಿನ ಒಪ್ಪಿಗೆಯು ಗಣನೆಗೆ ಬಾರದು. ಯಾವ ವಯಸ್ಸಿನವರನ್ನೇ ಆಗಲಿ ಬಲಾತ್ಕಾರದಿಂದ ಅಥವಾ ಮೋಸದಿಂದ ಒಂದು ಸ್ಥಳದಿಂದ ಹೊರಡಿಸುವುದು 362ನೆಯ ಕಲಮಿನ ಅಬ್ಡಕ್ಷನ್. ಕೊಲೆ, ಅಕ್ರಮಬಂಧನ, ಬಲವಂತದ ವಿವಾಹವೇ ಮೊದಲಾದ ದುರುದ್ದೇಶ ಕೂಡಿದಾಗ ಮಾತ್ರ ಇದು ದಂಡನಾರ್ಹ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 137 ಮತ್ತು 138ನೆಯ ಕಲಮುಗಳಲ್ಲಿ ಈ ಭೇದವನ್ನು ಉಳಿಸಿಕೊಂಡಿದೆ.

ದೇಶವಿಭಜನೆಯ ಕಾಲದಲ್ಲಿ ಅಪಹೃತರಾದ ಸ್ತ್ರೀಯರನ್ನು ಮರಳಿ ಪಡೆಯಲು 1949ರಲ್ಲಿ ಭಾರತವು ವಿಶೇಷ ಕಾಯಿದೆಯನ್ನು ರಚಿಸಿತು. ಅನೇಕರಿಗೆ ಅದು ವಿಮೋಚನೆಯಾಯಿತಾದರೂ, ಹಿಂದಿರುಗಲೊಲ್ಲದ ವಯಸ್ಕ ಸ್ತ್ರೀಯ ಇಚ್ಛೆಯನ್ನು ಅದು ನಿರ್ಣಾಯಕವೆಂದು ಭಾವಿಸಲಿಲ್ಲ. ಕೆಲವರ ಪಾಲಿಗೆ ರಕ್ಷಣೆಯೇ ಎರಡನೆಯ ಅಪಹರಣವಾಯಿತು. ಆದುದರಿಂದ ಒಬ್ಬರನ್ನು ಒಯ್ದವನಾರು, ಕಳೆದುಕೊಂಡವರಾರು ಎಂದು ವಿಚಾರಿಸಿದರೆ ಸಾಲದು. ಒಯ್ಯಲ್ಪಟ್ಟವರು ಬಯಸಿದುದೇನೆಂದು ಕೇಳಿದಲ್ಲದೆ ನ್ಯಾಯವು ಪೂರ್ಣವಾಗದು.