ಇಪ್ಪತ್ತೇಳರಿಂದ ಏಳಕ್ಕೆ: ಪುಟ್ಟ ಕಾರಿನ ಪಿಕಪ್ ಪುರಾಣ

1959ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ರಸ್ತೆಗಿಳಿದ ಮಿನಿ ಕಾರಿಗೆ ನಿಂತ ಜಾಗದಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಸುಮಾರು 27 ಸೆಕೆಂಡು ಬೇಕಿತ್ತು. ಅರ್ಧ ನಿಮಿಷಕ್ಕೆ ಮೂರೇ ಸೆಕೆಂಡು ಕಡಿಮೆ. ವಿನ್ಯಾಸಕಾರ ಅಲೆಕ್ ಇಸಿಗೊನಿಸ್‌ಗೆ ಇದರಿಂದ ಯಾವ ಬೇಸರವೂ ಇರಲಿಲ್ಲ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಅವರಿಂದ ಕೇಳಿದ್ದು ಕಡಿಮೆ ಎಣ್ಣೆ ಕುಡಿಯುವ, ನಾಲ್ಕು ಜನ ಕೂರುವ ಸಣ್ಣ ಕಾರನ್ನು. ತಮಾಷೆಯೆಂದರೆ, ಪರೀಕ್ಷೆಗೆಂದು ಕಟ್ಟಿದ ಮೊದಲ ಕಾರುಗಳಲ್ಲಿ 948 ಸಿಸಿ ಎಂಜಿನ್ ಇತ್ತು. ಅವು ಗಂಟೆಗೆ 90 ಮೈಲಿ ಮೀರಿ ಓಡಿದ್ದು ಕಂಡು ಗಾಬರಿಯಾದ ಕಂಪನಿ ಎಂಜಿನ್ನನ್ನು 848 ಸಿಸಿಗೆ ಇಳಿಸಿತು. ಮನೆಮಂದಿಯ ಕಾರಿಗೆ ಅಷ್ಟು ಓಟ ಯಾಕೆ ಎಂಬುದು ಅವರ ಲೆಕ್ಕ.

ಹಾಗೆ ತೆಗೆದುಹಾಕಿದ ವೇಗವನ್ನು ಮತ್ತೆ ಒಳಗೆ ತುಂಬಲು ಹೊರಟವರ ಕಥೆಯೇ ಸಣ್ಣ ಕಾರಿನ ಪಿಕಪ್ಪಿನ ಕಥೆ. ಅವರಲ್ಲಿ ಹೆಚ್ಚಿನವರಿಗೆ ಆ ಕೆಲಸ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಮೊದಲನೆಯವರು ಜಾನ್ ಕೂಪರ್. ಲಂಡನ್ನಿನ ಪಕ್ಕದ ಸರ್ಬಿಟನ್ನಿನಲ್ಲಿ ಅಪ್ಪನ ಕಾಲದ ಗ್ಯಾರೇಜು. ಅಲ್ಲಿ ಕಟ್ಟಿದ ರೇಸ್ ಕಾರುಗಳು 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಪ್ರಶಸ್ತಿ ಗೆದ್ದಿದ್ದವು. ಮಿನಿಯ ಸ್ಟೀರಿಂಗ್ ಹಿಡಿದ ಕೂಪರ್‌ಗೆ ಕಂಡದ್ದು ಇಸಿಗೊನಿಸ್ ಉದ್ದೇಶಿಸದ ಒಂದು ಗುಣ. ನಾಲ್ಕು ಚಕ್ರಗಳೂ ಕಾರಿನ ನಾಲ್ಕು ಮೂಲೆಗೆ ಕೂತಿದ್ದವು. ಮೈತೂಕ 600 ಕಿಲೋ ಆಸುಪಾಸು. ತಿರುವಿನಲ್ಲಿ ಅದು ನೆಲಕ್ಕೆ ಅಂಟಿಕೊಂಡೇ ಓಡುತ್ತಿತ್ತು. ಎಂಜಿನ್ನೊಂದು ಸಾಲದಾಗಿತ್ತು. ಇದು ಜನಸಾಮಾನ್ಯರ ಕಾರು, ರೇಸಿಗಲ್ಲ ಎಂದು ಇಸಿಗೊನಿಸ್ ತಕರಾರು ತೆಗೆದರು. ಕೂಪರ್ ಅವರನ್ನು ದಾಟಿ ಕಂಪನಿಯ ಮುಖ್ಯಸ್ಥರ ತನಕ ಹೋಗಿ ಒಪ್ಪಿಸಿದರು. 1961ರ ಮಿನಿ ಕೂಪರ್‌ನಲ್ಲಿ 997 ಸಿಸಿ ಎಂಜಿನ್, ಒಂದರ ಬದಲು ಎರಡು ಎಸ್‌ಯು ಕಾರ್ಬುರೇಟರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದವು. 34 ಅಶ್ವಶಕ್ತಿ 55ಕ್ಕೆ ಏರಿತು. 27 ಸೆಕೆಂಡು ಸುಮಾರು 17ಕ್ಕೆ ಇಳಿಯಿತು. 1964ರ ಹೊತ್ತಿಗೆ 1275 ಸಿಸಿಯ ಕೂಪರ್ ಎಸ್ ಅದೇ ವೇಗವನ್ನು 11 ಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟುತ್ತಿತ್ತು.

ಐದೇ ವರ್ಷದಲ್ಲಿ 16 ಸೆಕೆಂಡು ಹೋದದ್ದೆಲ್ಲಿಗೆ? ಬಹುಪಾಲು ಉತ್ತರ ಉಸಿರಾಟದಲ್ಲಿದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಂಡು, ಸುಟ್ಟು, ಹೊಗೆ ಬಿಡುವ ಯಂತ್ರ. ಎಷ್ಟು ಗಾಳಿ ಒಳಹೋಗುತ್ತದೋ ಅಷ್ಟೇ ಪೆಟ್ರೋಲು ಸುಡಲು ಸಾಧ್ಯ. ಎರಕ ಹೊಯ್ದ ಸಿಲಿಂಡರ್ ಹೆಡ್ಡಿನೊಳಗಿನ ಗಾಳಿದಾರಿಗಳು ಒರಟಾಗಿರುತ್ತವೆ, ವಾಲ್ವಿನ ಬಳಿ ಸೊಂಟ ಹಿಡಿದಂತೆ ತಿರುಗುತ್ತವೆ. ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಡೌಂಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ಮಾಡುತ್ತಿದ್ದುದು ಈ ದಾರಿಗಳನ್ನು ಉಜ್ಜಿ, ಅಗಲಿಸಿ, ನುಣುಪು ಮಾಡುವ ಕೆಲಸ. ಬೆಂಗಳೂರಿನ ಮೆಕ್ಯಾನಿಕ್ಕುಗಳು ‘ಪೋರ್ಟಿಂಗ್–ಪಾಲಿಶಿಂಗ್’ ಎನ್ನುವುದು ಇದನ್ನೇ. ರಿಚ್ಮಂಡರ ಕೈಚಳಕದ ಸುದ್ದಿ ಹಬ್ಬಿ, ಕೊನೆಗೆ ಕಾರು ತಯಾರಿಸಿದ ಕಂಪನಿಯೇ ಅವರ ಸಲಹೆ ಕೇಳಿಕೊಂಡು ಬಂತು.

1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೊ ಮ್ಯಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಮಿನಿಯಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ನಡುವಿನ 1966ರಲ್ಲೂ ಮೊದಲ ಮೂರು ಸ್ಥಾನಕ್ಕೆ ಬಂದವರು ಇವರೇ ಮೂವರು. ಆದರೆ ಹೆಡ್‌ಲೈಟಿನ ಬಲ್ಬು ನಿಯಮಕ್ಕೆ ಸರಿಹೊಂದಿಲ್ಲವೆಂದು ಮೂರೂ ಕಾರುಗಳನ್ನು ಹೊರಗಿಟ್ಟು ಪ್ರಶಸ್ತಿಯನ್ನು ಫ್ರಾನ್ಸಿನ ಸಿಟ್ರೊಯೆನ್ ಕಾರಿಗೆ ಕೊಟ್ಟರು. ಸೋತ ವರ್ಷವೇ ಮಿನಿಗೆ ಎಲ್ಲಕ್ಕಿಂತ ಹೆಚ್ಚು ಹೆಸರು ತಂದಿತು.

ಸೆಕೆಂಡಿನ ಈ ಲೆಕ್ಕ ಯಾವಾಗ ಶುರುವಾಯಿತು ಎಂಬುದಕ್ಕೂ ಒಂದು ಕಥೆಯಿದೆ. ಸೊನ್ನೆಯಿಂದ 60 ಮೈಲಿ ಎಂಬ ಅಳತೆಯನ್ನು ರೂಢಿಗೆ ತಂದ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಅಮೆರಿಕದ ಪತ್ರಕರ್ತ ಟಾಮ್ ಮೆಕಾಹಿಲ್‌ಗೆ ಕೊಡುತ್ತಾರೆ. 1946ರಿಂದ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆಗೆ ಆತ ಕಾರು ಓಡಿಸಿ ಬರೆಯುತ್ತಿದ್ದ. ಕಾರಿನ ಸ್ಪೀಡೊಮೀಟರು ಸ್ವಲ್ಪ ಹೆಚ್ಚೇ ತೋರಿಸುವ ಗಿರಾಕಿಯಾದ್ದರಿಂದ ಪರೀಕ್ಷಕರು ಹಿಂದುಗಡೆ ಸೈಕಲ್ ಚಕ್ರದಂಥ ಐದನೆಯ ಚಕ್ರವೊಂದನ್ನು ಕಟ್ಟಿ ನಿಜವಾದ ವೇಗ ಅಳೆಯುತ್ತಿದ್ದರು. ಮೆಟ್ರಿಕ್ ದೇಶಗಳಲ್ಲಿ ಇದು ಸೊನ್ನೆಯಿಂದ 100 ಕಿ.ಮೀ. ಆಯಿತು. 60 ಮೈಲಿಯೆಂದರೆ 96.6 ಕಿ.ಮೀ., ಹಾಗಾಗಿ ಎರಡೂ ಅಂಕಿ ತೀರಾ ದೂರವೇನಲ್ಲ. ಎರಡನೇ ಗೇರಿನಲ್ಲೇ ಈ ಗೆರೆ ದಾಟುವಂತೆ ಗೇರಿನ ಹಲ್ಲು ಹೊಂದಿಸಿ, ಮೂರನೆಯದಕ್ಕೆ ಬದಲಾಯಿಸುವ ಹೊತ್ತನ್ನು ಉಳಿಸಿಕೊಳ್ಳುವ ಜಾಣತನ ಆಮೇಲೆ ಕಾರ್ಖಾನೆಗಳಿಗೂ ಬಂತು.

ಮಿನಿಗೆ ಹಿಂಬಾಗಿಲು ಇರಲಿಲ್ಲ, ಪುಟ್ಟ ಡಿಕ್ಕಿಯಿತ್ತು. ನಿಜವಾದ ಹ್ಯಾಚ್‌ಬ್ಯಾಕಿಗೆ ರೆಕ್ಕೆ ಕಟ್ಟಿದ್ದು ಜರ್ಮನಿಯ ವೋಲ್ಫ್ಸ್‌ಬರ್ಗಿನಲ್ಲಿ, ಅದೂ ಕದ್ದುಮುಚ್ಚಿ. 1973ರ ಎಣ್ಣೆ ಬಿಕ್ಕಟ್ಟಿನ ಮರುವರ್ಷ ಫೋಕ್ಸ್‌ವ್ಯಾಗನ್ ಗಾಲ್ಫ್ ಮಾರುಕಟ್ಟೆಗೆ ಬಂದಿತ್ತು. ಅದಕ್ಕೂ ಮುಂಚೆಯೇ ಪರೀಕ್ಷಾ ಎಂಜಿನಿಯರ್ ಆಲ್ಫೋನ್ಸ್ ಲೋವೆನ್‌ಬರ್ಗ್ ‘ಓಟದ ಕಾರು’ ಮಾಡೋಣವೆಂದು ಸಹೋದ್ಯೋಗಿಗಳಿಗೆ ಚೀಟಿ ಕಳಿಸಿದ್ದರು. ಪತ್ರಿಕಾ ವಿಭಾಗದ ಮುಖ್ಯಸ್ಥ ಆಂಟನ್ ಕೊನ್ರಾಡ್ ಸೇರಿ ಬೆರಳೆಣಿಕೆಯ ಜನ ಕಂಪನಿಯ ಒಪ್ಪಿಗೆಯಿಲ್ಲದೆ ಕೆಲಸಕ್ಕಿಳಿದರು. ಅವರಿಗೆ ಒದಗಿದ್ದು ಆಡಿಯಿಂದ ಬಂದ 1588 ಸಿಸಿ ಎಂಜಿನ್ ಮತ್ತು ಬಾಷ್‌ನ ಕೆ-ಜೆಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್. ಕಾರ್ಬುರೇಟರ್ ಗಾಳಿಯ ಎಳೆತಕ್ಕೆ ಸಿಕ್ಕಷ್ಟು ಪೆಟ್ರೋಲು ಬಿಟ್ಟರೆ, ಇಂಜೆಕ್ಷನ್ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟು ಚಿಮುಕಿಸುತ್ತದೆ.

1975ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಗಾಲ್ಫ್ ಜಿಟಿಐ ತೆರೆ ಸರಿಸಿತು. ಆ ಹೊತ್ತಿಗೆ ಗುಟ್ಟು ಬಯಲಾಗಿ ಕಂಪನಿಯೂ ಒಪ್ಪಿತ್ತು. ಆದರೂ 5,000 ಕಾರು ಹೋದರೆ ಹೆಚ್ಚೆಂದು ಅಂದಾಜು. ಮರುವರ್ಷ 13,850 ಮಾರ್ಕಿಗೆ ಮಾರಾಟ ಶುರುವಾಯಿತು. 110 ಅಶ್ವಶಕ್ತಿ, 810 ಕಿಲೋ ತೂಕ, 100ಕ್ಕೆ 9 ಸೆಕೆಂಡು, ಗರಿಷ್ಠ ವೇಗ 182 ಕಿ.ಮೀ. ಆ ಮೊದಲ ಪೀಳಿಗೆಯೊಂದೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಒಳಗಿನ ಚೌಕಳಿ ಬಟ್ಟೆಯ ಸೀಟು ಮತ್ತು ಗಾಲ್ಫ್ ಚೆಂಡಿನಂಥ ಗೇರಿನ ಗುಬಟು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆಯ ಕಲ್ಪನೆ. ಆಕೆ ಪಿಂಗಾಣಿ ಪಾತ್ರೆಗೆ ಚಿತ್ರ ಬರೆಯುವ ಕೆಲಸ ಕಲಿತು ಬಂದವರು.

ಆ 9 ಸೆಕೆಂಡನ್ನು ಕಾಗದದ ಮೇಲೆ ಬಿಡಿಸಿ ನೋಡುವುದು ಸ್ವಾರಸ್ಯ. 810 ಕಿಲೋ ತೂಕದ ವಸ್ತು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 312 ಕಿಲೋಜೂಲ್. ಅದನ್ನು 9 ಸೆಕೆಂಡಿಗೆ ಹಂಚಿದರೆ ಸರಾಸರಿ 47 ಅಶ್ವಶಕ್ತಿ ಬರುತ್ತದೆ. ಎಂಜಿನ್ನಿನಲ್ಲಿರುವುದು 110! ಉಳಿದದ್ದರಲ್ಲಿ ಒಂದಿಷ್ಟು ಚಾಲಕನ ತೂಕಕ್ಕೆ, ಒಂದಿಷ್ಟು ಎದುರುಗಾಳಿಗೆ, ಟೈರಿನ ಜಾರಿಕೆಗೆ ಹೋಗುತ್ತದೆ. ಪೂರ್ತಿ ಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ಮುಟ್ಟಿದಾಗ ಮಾತ್ರ; ಗೇರು ಬದಲಿಸುವ ಕ್ಷಣದಲ್ಲಿ ಚಕ್ರಕ್ಕೆ ಏನೂ ಸಿಗುವುದಿಲ್ಲ. ಪಿಕಪ್ ಹೆಚ್ಚಿಸಲು ಹೊರಟವರೆಲ್ಲ ಕೈಹಾಕಿದ್ದು ಈ ಸೋರಿಕೆಗಳಲ್ಲಿ ಯಾವುದೋ ಒಂದಕ್ಕೆ.

ಫ್ರೆಂಚರು ಗಾಳಿಯನ್ನು ಒಳಗೆ ದಬ್ಬುವ ದಾರಿ ಹಿಡಿದರು. 1985ರ ರೆನೊ 5 ಜಿಟಿ ಟರ್ಬೊದ ಎಂಜಿನ್ 1397 ಸಿಸಿಯ ಹಳೇ ಕಾಲದ್ದು, ಕಾರ್ಬುರೇಟರಿನದ್ದು. ಹೊಗೆಯ ರಭಸದಲ್ಲಿ ತಿರುಗುವ ಟರ್ಬೊ ಅದರಿಂದ 115 ಅಶ್ವಶಕ್ತಿ ಹಿಂಡಿ 8 ಸೆಕೆಂಡಿನ ಆಸುಪಾಸಿಗೆ ತಂದಿತು. ಜಪಾನಿನಲ್ಲಿ ನಡೆದದ್ದು ಕನ್ನಡಿಗರಿಗೆ ಇನ್ನೂ ಹತ್ತಿರದ ವಿಷಯ. 1986ರಿಂದ ಭಾರತದ ರಸ್ತೆಗಳಲ್ಲಿ ತುಂಬಿಹೋದ ಎರಡನೇ ಪೀಳಿಗೆಯ ಮಾರುತಿ 800, ಸುಜುಕಿ ಆಲ್ಟೊದ ಮೈಕಟ್ಟಿನದು. ಇಲ್ಲಿ ಅದಕ್ಕಿದ್ದುದು 796 ಸಿಸಿ, 39 ಅಶ್ವಶಕ್ತಿ. 1987ರಲ್ಲಿ ಸುಜುಕಿ ತನ್ನ ತವರಿನಲ್ಲಿ ಅದೇ ಮೈಗೆ 543 ಸಿಸಿಯ ಟರ್ಬೊ ಎಂಜಿನ್ ಕೂಡಿಸಿ ಆಲ್ಟೊ ವರ್ಕ್ಸ್ ಎಂದು ಮಾರಿತು: 64 ಅಶ್ವಶಕ್ತಿ. ಕೀ ಕಾರು ಎಂಬ ಆ ಪುಟಾಣಿ ವರ್ಗದಲ್ಲಿ ಇದಕ್ಕಿಂತ ಹೆಚ್ಚು ಬೇಡವೆಂದು ಜಪಾನಿನ ಕಂಪನಿಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಮಿತಿ ನಿಂತದ್ದು ಅದೇ ಅಂಕಿಯಲ್ಲಿ.

ಬೆಂಗಳೂರಿಗೆ ಈ ವಿದ್ಯೆಯಲ್ಲಿ ಮಾರುತಿಗಿಂತ ಹಿಂದಿನ ನೆನಪೊಂದಿದೆ. 1982ರಲ್ಲಿ ಸಿಪಾನಿ ಆಟೊಮೊಬೈಲ್ಸ್ ಇಲ್ಲಿ ತಯಾರಿಸಿದ ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ. ಫೈಬರ್ ಗ್ಲಾಸ್ ಮೈ, ಅಲ್ಯೂಮಿನಿಯಂ ಎಂಜಿನ್. ಕಾಕತಾಳೀಯವೆಂಬಂತೆ ಆ ಎಂಜಿನ್ನೂ 848 ಸಿಸಿಯದ್ದೇ. ಪೇಟೆಯಲ್ಲಿ ಅದಕ್ಕೆ ಗಿರಾಕಿಗಳು ಸಾಲಲಿಲ್ಲ. ಮಾರುತಿ ಬಂದ ಮೇಲೆ ಉಳಿಗಾಲವೂ ಇರಲಿಲ್ಲ. ಆದರೆ ಅಂಬಾಸಿಡರ್, ಫಿಯಟ್‌ಗಳ ಭಾರದ ನಡುವೆ ಹಗುರ ಮೈಯ ಈ ಕಾರಿಗೆ ರ‍್ಯಾಲಿ ಓಡಿಸುವವರ ಬಳಗದಲ್ಲಿ ಒಳ್ಳೆಯ ಬೇಡಿಕೆಯಿತ್ತು.

ಮಾರುತಿ ಕಾಲದಲ್ಲಿ ಕಸುಬು ಗ್ಯಾರೇಜಿನಿಂದ ಗ್ಯಾರೇಜಿಗೆ ಹರಡಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಚೆನ್ನೈ ಹತ್ತಿರ ಎರಡನೇ ಮಹಾಯುದ್ಧದ ಹಳೇ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಶೋಲಾವರಂ ರೇಸುಗಳು, ಕೊಯಮತ್ತೂರಿನ ಕಾರ್ಯಾಗಾರಗಳು ಇದರ ಪಾಠಶಾಲೆ. ಸಾಮಾನು ಜೆ.ಸಿ. ರಸ್ತೆಯಲ್ಲಿ ಇಲ್ಲವೇ ಶಿವಾಜಿನಗರದ ಗುಜರಿಯಲ್ಲಿ. ಹಿಂದಿನ ಸೀಟು ಕಿತ್ತು ತೂಕ ಇಳಿಸುವುದು, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸುವುದು, ಹೆಡ್ ಕೆರೆದು ಕಂಪ್ರೆಷನ್ ಏರಿಸುವುದು. 1993ರಲ್ಲಿ 993 ಸಿಸಿಯ ಝೆನ್ ಬಂದ ಮೇಲೆ, ಅದರೊಳಗೆ ಎಸ್ಟೀಮಿನ 1.3 ಲೀಟರ್ ಎಂಜಿನ್ ಕೂರಿಸುವ ಸಾಹಸವೂ ಸೇರಿತು. ಎರಡೂ ಸುಜುಕಿಯ ಒಂದೇ ಮನೆತನದ ಎಂಜಿನ್ನುಗಳಾದ್ದರಿಂದ ಕೆಲಸ ಕಷ್ಟವಿದ್ದರೂ ಅಸಾಧ್ಯವಲ್ಲ. ‘ಮೈಲೇಜ್ ಎಷ್ಟು ಕೊಡುತ್ತೆ’ ಎಂದು ಕೇಳುವ ಊರಿನಲ್ಲಿ ‘ಪಿಕಪ್ ಹೇಗಿದೆ’ ಎಂದು ಕೇಳುವ ಪುಟ್ಟ ಪಂಗಡವೊಂದು ಹೀಗೆ ಬೆಳೆಯಿತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅರ ಹಿಡಿಯುವ ಕೈಗೆ ಪೈಪೋಟಿ ಬಂತು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಟರ್ಬೊ ಎಷ್ಟು ಒತ್ತಬೇಕು ಎಂದು ತೀರ್ಮಾನಿಸುವುದು ಈಗ ಈಸಿಯು ಎಂಬ ಪೆಟ್ಟಿಗೆ. ನಾಲ್ಕನೇ ಪೀಳಿಗೆಯ ಗಾಲ್ಫ್ ಜಿಟಿಐನ 1.8 ಲೀಟರ್ ಟರ್ಬೊ 150 ಅಶ್ವಶಕ್ತಿಯದ್ದು. ಚಿಪ್ಪಿನೊಳಗಿನ ಅಂಕಿಗಳನ್ನು ತಿದ್ದಿದರೆ, ಒಂದು ಬೋಲ್ಟೂ ಬಿಚ್ಚದೆ 180 ದಾಟುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ ಹೋಂಡಾ 1997ರ ಮೊದಲ ಸಿವಿಕ್ ಟೈಪ್ ಆರ್‌ನಲ್ಲಿ ಗಾಳಿದಾರಿಗಳನ್ನು ಕೈಯಿಂದಲೇ ನುಣುಪು ಮಾಡಿಸಿ, ಟರ್ಬೊ ಇಲ್ಲದ 1.6 ಲೀಟರಿನಿಂದ 185 ಅಶ್ವಶಕ್ತಿ ತೆಗೆಯಿತು. ಡೌಂಟನ್ನಿನ ಹಳೇ ವಿದ್ಯೆ ಕಾರ್ಖಾನೆಯೊಳಗೆ ಬಂದು ಕೂತಿತ್ತು.

2004ರ ಐದನೇ ಪೀಳಿಗೆಯ ಗಾಲ್ಫ್ ಜಿಟಿಐ ಇನ್ನೊಂದು ಗೆರೆ ದಾಟಿತು. ಕೈಗೇರಿನ ಕಾರಿಗೆ 7.2 ಸೆಕೆಂಡು, ಡಿಎಸ್‌ಜಿ ಎಂಬ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿನ ಕಾರಿಗೆ 6.9. ಮುಂದಿನ ಗೇರನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು ಕಣ್ಣು ಮಿಟುಕಿಸುವುದರೊಳಗೆ ಬದಲಿಸುವ ಯಂತ್ರದ ಎದುರು ಪಳಗಿದ ಚಾಲಕನೂ ಸೋತ.

ಭಾರತದ ಕಾರ್ಖಾನೆಗಳು ಈ ಆಟಕ್ಕೆ ಇಳಿದದ್ದು ಅಳುಕುತ್ತಲೇ. 2001ರ ಫಿಯಟ್ ಪಾಲಿಯೊ 1.6ಗೆ 100 ಅಶ್ವಶಕ್ತಿಯಿತ್ತು, ಸಚಿನ್ ತೆಂಡುಲ್ಕರ್ ಹೆಸರಿನ ಬಲವೂ ಇತ್ತು. ಪೆಟ್ರೋಲ್ ಕುಡುಕ ಎಂಬ ಅಪಖ್ಯಾತಿ ಅದನ್ನು ಕಾಡಿತು. 2013ರ ಪೋಲೊ ಜಿಟಿ ಟಿಎಸ್‌ಐ ಬರೀ 1.2 ಲೀಟರ್ ಟರ್ಬೊದಿಂದ 105 ಅಶ್ವಶಕ್ತಿ ತೆಗೆದು, ಕಂಪನಿಯ ಲೆಕ್ಕದಲ್ಲಿ 9.7 ಸೆಕೆಂಡಿಗೆ 100 ಮುಟ್ಟಿತು. 2018ರಲ್ಲಿ ಟಾಟಾ, ಕೊಯಮತ್ತೂರಿನ ಜಯೆಂ ಜೊತೆಗೂಡಿ ಟಿಯಾಗೊ ಜೆಟಿಪಿ ತಂದಿತು. 114 ಅಶ್ವಶಕ್ತಿ, 9.95 ಸೆಕೆಂಡು. ಬಿಎಸ್-6 ನಿಯಮ ಬಂದಾಗ ಅದು ಕಣ್ಮರೆಯಾಯಿತು. ಇತ್ತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ ತಯಾರಕರ ಮೂಲ ನಮೂನೆಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ದೊಡ್ಡ ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾಡಿದ ರೀಮ್ಯಾಪ್ ಯಾರ ಕಣ್ಣಿಗೂ ಬೀಳುವುದಿಲ್ಲ, ವಾರಂಟಿ ಕೇಳಲು ಹೋದ ದಿನದ ಹೊರತು.

2022ರಲ್ಲಿ ಭಾರತದ ಶೋರೂಮಿಗೆ ಮಿನಿ ಕೂಪರ್ ಎಸ್‌ಇ ಬಂತು, ಪೂರ್ತಿ ವಿದ್ಯುತ್ತಿನದು. 184 ಅಶ್ವಶಕ್ತಿ, 100ಕ್ಕೆ 7.3 ಸೆಕೆಂಡು. ಬ್ಯಾಟರಿ ಹೊತ್ತು ತೂಕ 1,300 ಕಿಲೋ ಮೀರಿದೆ, ಅಂದರೆ ಇಸಿಗೊನಿಸ್‌ರ ಎರಡು ಮಿನಿಗಳಿಗಿಂತ ಹೆಚ್ಚು. ಮೋಟಾರಿಗೆ ಉಸಿರಾಡುವ ಗೊಡವೆಯಿಲ್ಲ, ಸುತ್ತು ಏರುವ ತನಕ ಕಾಯುವುದಿಲ್ಲ, ಬದಲಿಸಲು ಗೇರೂ ಇಲ್ಲ. ಬಾನೆಟ್ಟು ಎತ್ತಿದರೆ ಅರ ಹಾಕಿ ಉಜ್ಜಬಹುದಾದ ಗಾಳಿದಾರಿಯೊಂದೂ ಕಾಣದು. ಕಾರಿನ ಹೆಸರಿನಲ್ಲಿ ಮಾತ್ರ ಸರ್ಬಿಟನ್ನಿನ ಗ್ಯಾರೇಜಿನವನು ಈಗಲೂ ಇದ್ದಾನೆ.