ಆಟದ ಯುದ್ಧವಿಮಾನವೂ ಅದರ ಸೂತ್ರವೂ

ಆಷಾಢದ ಗಾಳಿಯು ಕಲಘಟಗಿಯ ಕಾಡಂಚನ್ನು ದಾಟಿ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲಿನ ಮೇಲೆ ತಡೆಯಿಲ್ಲದೆ ಬೀಸತೊಡಗಿತೆಂದರೆ, ಹಳ್ಳಿಯ ಹುಡುಗರ ಕೈಯಲ್ಲಿ ಗಾಳಿಪಟಗಳು ಕಾಣಿಸಿಕೊಳ್ಳುವವು. ಬಿದಿರಿನ ಎರಡು ಕಡ್ಡಿ, ಒಂದು ಹಾಳೆ ಕಾಗದ, ಅನ್ನದ ಅಂಟು, ಹರಕು ಬಟ್ಟೆಯ ಬಾಲಂಗೋಚಿ, ಒಂದು ಉಂಡೆ ದಾರ, ಇಷ್ಟರಿಂದಲೇ ಆ ಹುಡುಗರು ಗಗನವನ್ನು ಮುಟ್ಟುವರು. ಆದರೆ ಪಟವನ್ನು ಕಟ್ಟಿ ಬಲ್ಲವರಿಗೆಲ್ಲ ತಿಳಿದ ಮಾತೊಂದುಂಟು. ಕಾಗದವು ಎಷ್ಟು ಚೆಲುವಾಗಿದ್ದರೂ ಸೂತ್ರ ಕಟ್ಟುವಲ್ಲಿ ಎರಡು ಬೆರಳಿನಷ್ಟು ತಪ್ಪಿದರೆ ಪಟವು ಏಳುವದಿಲ್ಲ. ಎದ್ದರೂ ಗಿರ್ರನೆ ತಿರುಗಿ ನೆಲಕ್ಕೆ ಬೀಳುವದು. ಸೂತ್ರವು ಪಟದ ಪ್ರಾಣವಾದರೆ, ಅದರ ತುದಿಯನ್ನು ಹಿಡಿದ ಕೈಯು ಪಟದ ಬುದ್ಧಿಯೆನ್ನಬಹುದು.

ಈ ಗಾಳಿಪಟದ ದೂರದ ನಂಟಿನದೊಂದು ವಿನೋದವು ಈಗಿನ ಕಾಲದಲ್ಲಿ ಲೋಕದ ಅನೇಕ ಕಡೆಗಳಲ್ಲಿ ರೂಢವಾಗಿದೆ. ಹಿಂದಿನ ಮಹಾಯುದ್ಧಗಳಲ್ಲಿ ಕಾದಿದ ವಿಮಾನಗಳ ರೂಪವನ್ನೇ ಅಳತೆಯಲ್ಲಿ ಕಿರಿದುಗೊಳಿಸಿ, ಬೆಂಡಿನಂತೆ ಹಗುರಾದ ಮರದಿಂದ ಕಟ್ಟಿ, ನೆಲದ ಮೇಲೆ ನಿಂತು ನಿಸ್ತಂತು ಅಲೆಗಳಿಂದ ಹಾರಿಸುವ ಹವ್ಯಾಸವದು. ಅಲ್ಲಿ ದಾರವಿಲ್ಲ, ಆದರೂ ಸೂತ್ರವಿಲ್ಲವೆನ್ನಲಾಗದು. 'ನಿಸ್ತಂತು' ಎಂಬ ಹೆಸರೇ ತಂತುವಿಲ್ಲದ್ದು ಎಂಬ ಅರ್ಥವನ್ನು ಕೊಡುವದು. ತಂತುವು ಹೋಯಿತು, ಸೂತ್ರವು ಉಳಿಯಿತು. ಆ ಸೂತ್ರವು ಹೇಗೆ ಬೆಳೆದು ಬಂದಿತು, ಯಾರ ಯಾರ ಕೈಗೆ ಹೋಯಿತು ಎಂಬುದೇ ಈ ವಿನೋದದ ನಿಜವಾದ ಇತಿಹಾಸವಾಗಿದೆ. ಆಟಿಕೆಯೂ ಅಸ್ತ್ರವೂ ಆ ಇತಿಹಾಸದಲ್ಲಿ ಒಂದರಿಂದೊಂದು ಹುಟ್ಟುತ್ತ ಬಂದಿರುವವು.

ಮೊದಲು ಹುಟ್ಟಿದ್ದು ಆಟಿಕೆಯೇ. ೧೮೭೧ನೆಯ ಇಸವಿಯಲ್ಲಿ ಅಲ್ಫಾನ್ಸ್ ಪೆನೋ ಎಂಬ ಫ್ರೆಂಚ್ ತರುಣನು ಪ್ಯಾರಿಸಿನ ಉದ್ಯಾನವೊಂದರಲ್ಲಿ ಪುಟ್ಟದೊಂದು ವಿಮಾನವನ್ನು ಹಾರಿಸಿ ತೋರಿಸಿದನು. ಹುರಿಗೊಳಿಸಿದ ರಬ್ಬರಿನ ಎಳೆಯು ಬಿಚ್ಚಿಕೊಳ್ಳುತ್ತ ಅದರ ಪಂಕವನ್ನು ತಿರುಗಿಸುತ್ತಿದ್ದಿತು. ಅದು ಹಾರಿದ್ದು ೧೧ ಸೆಕೆಂಡು, ಸುಮಾರು ೪೦ ಮೀಟರು ಮಾತ್ರ. ಆದರೆ ತನ್ನ ತೂಕವನ್ನು ತಾನೇ ಸರಿದೂಗಿಸಿಕೊಂಡು ಹಾರಿದ ಯಂತ್ರವೆಂದು ಅದಕ್ಕೆ ಮಾನ್ಯತೆಯುಂಟು. ಇಂಥದೇ ರಬ್ಬರಿನ ಆಟಿಕೆಯೊಂದನ್ನು ೧೮೭೮ರಲ್ಲಿ ಅಮೇರಿಕೆಯ ಪಾದ್ರಿಯೊಬ್ಬನು ತನ್ನ ಇಬ್ಬರು ಮಕ್ಕಳಿಗೆ ತಂದುಕೊಟ್ಟನು. ಬೆಂಡು, ಬಿದಿರು, ಕಾಗದಗಳಿಂದ ಮಾಡಿದ ಆ ಆಟಿಕೆಯು ಮುರಿದುಹೋಗಲು, ಹುಡುಗರು ತಾವೇ ಹೊಸದೊಂದನ್ನು ಕಟ್ಟಲು ಕುಳಿತರು. ಆ ಹುಡುಗರೇ ಮುಂದೆ ಲೋಕಪ್ರಸಿದ್ಧರಾದ ರೈಟ್ ಸಹೋದರರು. ೧೯೦೩ರಲ್ಲಿ ಅವರು ಮನುಷ್ಯನನ್ನು ಹೊತ್ತ ವಿಮಾನವನ್ನು ಹಾರಿಸುವದಕ್ಕೆ ಮುಂಚೆ, ೧೮೯೯ರಲ್ಲಿ ಐದು ಅಡಿ ಅಗಲದ ಗಾಳಿಪಟವೊಂದನ್ನು ಕಟ್ಟಿ, ಅದಕ್ಕೆ ನಾಲ್ಕು ದಾರಗಳನ್ನು ಬಿಗಿದು, ಎರಡೂ ಕೈಗಳಲ್ಲಿ ಹಿಡಿದ ಕೋಲುಗಳಿಂದ ಅದರ ರೆಕ್ಕೆಗಳನ್ನು ತಿರುಚಿ ನೋಡಿದರು. ವಿಮಾನವನ್ನು ಗಾಳಿಯಲ್ಲಿ ಹೊರಳಿಸುವ ವಿದ್ಯೆಯು ಹೀಗೆ ಪಟದ ಸೂತ್ರದಿಂದಲೇ ಕಲಿತದ್ದೆಂಬುದು ಮರೆಯತಕ್ಕ ಮಾತಲ್ಲ.

ಕಾಣದ ಸೂತ್ರದ ಕತೆಯು ಭಾರತದಲ್ಲಿಯೂ ಮೊದಲಾಗುವದು. ೧೮೯೫ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ವಿದ್ಯುತ್ಕಾಂತ ಅಲೆಗಳನ್ನು ಗೋಡೆಗಳ ಮೂಲಕ ಕಳುಹಿಸಿ, ದೂರದಲ್ಲಿದ್ದ ಗಂಟೆಯೊಂದನ್ನು ಬಾರಿಸಿದರು. ಅದೇ ಅಲೆಯಿಂದ ಮದ್ದಿನ ಪುಡಿಯನ್ನೂ ಸಿಡಿಸಿದರು. ಗಂಟೆ ಮತ್ತು ಮದ್ದು, ಈ ಎರಡೂ ಅಂದಿನ ಒಂದೇ ಪ್ರದರ್ಶನದಲ್ಲಿ ಇದ್ದವು. ಮೂರು ವರ್ಷಗಳ ತರುವಾಯ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಅಲೆಗಳಿಂದ ನಡೆಸಿ ಜನರನ್ನು ಬೆರಗುಗೊಳಿಸಿದನು. ಮೊದಲನೆಯ ಮಹಾಯುದ್ಧವು ಬರಲು ಈ ವಿದ್ಯೆಯು ಸೇನೆಯವರ ಕೈಗೆ ಹೋಯಿತು. ೧೯೧೭ರಲ್ಲಿ ಇಂಗ್ಲೆಂಡಿನ ಆರ್ಚಿಬಾಲ್ಡ್ ಲೋ ಎಂಬವನು ಚಾಲಕನಿಲ್ಲದ ವಿಮಾನವನ್ನು ನೆಲದಿಂದ ನಡೆಸಿ ನೋಡಿದನು. ಅದಕ್ಕೆ 'ಆಕಾಶದ ಗುರಿ' ಎಂಬರ್ಥದ ಹೆಸರನ್ನಿಟ್ಟಿದ್ದರು. ಆದರೆ ಅದು ವೈರಿಗಳ ಕಣ್ಣಿಗೆ ಮಣ್ಣೆರಚುವ ಹೆಸರು. ನಿಜವಾಗಿ ಅದನ್ನು ಶತ್ರುವಿನ ಮೇಲೆ ಬಿಡುವ ಬಾಣವಾಗಿ ಬಳಸುವ ಉದ್ದೇಶವಿದ್ದಿತು.

ಗುರಿಯಾಗುವ ಕೃತಕ ಪಕ್ಷಿಯ ಕಲ್ಪನೆಯು ಭಾರತೀಯರಿಗೆ ಹೊಸತಲ್ಲ. ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಲು ಶಿಲ್ಪಿಗಳಿಂದ ಹಕ್ಕಿಯೊಂದನ್ನು ಮಾಡಿಸಿ ಮರದ ತುದಿಯಲ್ಲಿರಿಸಿದ ಮಹಾಭಾರತದ ಕತೆಯನ್ನು ಅರಿಯದವರಾರು? ಆ ಹಕ್ಕಿಗೆ ಹಾರಾಟವು ಬಂದದ್ದು ೧೯೩೫ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿ 'ಕ್ವೀನ್ ಬೀ', ಅಂದರೆ ರಾಣಿಜೇನು ಎಂಬ ಮರದ ಮೈಯ ವಿಮಾನವು ಸಿದ್ಧವಾಯಿತು. ತೋಪುಗಾರರು ಗುರಿಯನ್ನು ಕಲಿಯಲೆಂದು ಅದನ್ನು ಚಾಲಕನಿಲ್ಲದೆ ಹಾರಿಸುತ್ತಿದ್ದರು. ದೂರವಾಣಿಯ ಮುಖದ ಮೇಲಿರುವಂತಹ ಸುತ್ತುವ ಬಿಲ್ಲೆಯಿಂದ ಅದಕ್ಕೆ ಅಪ್ಪಣೆಗಳು ಹೋಗುತ್ತಿದ್ದವು. ಇಂದು ಎಲ್ಲರ ಬಾಯಲ್ಲಿರುವ 'ಡ್ರೋನ್' ಎಂಬ ಹೆಸರು ಗಂಡುಜೇನಿಗೆ ಹೇಳುವ ಮಾತು. ಆ ರಾಣಿಜೇನಿನ ಹೆಸರಿನಿಂದಲೇ ಅದು ಹುಟ್ಟಿತೆಂದು ಹೇಳುವರು.

ಅದೇ ೧೯೩೫ರಲ್ಲಿ ಕನ್ನಡ ನಾಡಿನೊಳಗೂ ಒಂದು ಅಲೆಯು ಎದ್ದಿತು. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪ್ರಸಾರ ಯಂತ್ರವನ್ನಿಟ್ಟು, ಮಾತನ್ನೂ ಸಂಗೀತವನ್ನೂ ಗಾಳಿಗೆ ಬಿಟ್ಟು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ರೂಢಿಗೆ ತಂದರು. ಧಾರವಾಡದಲ್ಲಿ ಆಕಾಶವಾಣಿಯ ನಿಲಯವು ೧೯೫೦ನೆಯ ಜನವರಿ ೮ರಂದು ತೆರೆಯಿತು. ಒಂದೇ ವಿದ್ಯೆಯು ಒಂದು ಕಡೆ ತೋಪಿನ ಗುರಿಯನ್ನು ಹಾರಿಸಿತು. ಇನ್ನೊಂದು ಕಡೆ ಹಳ್ಳಿಯ ಚಾವಡಿಗೆ ಹಾಡನ್ನು ತಂದಿತು. ಗುಣದೋಷಗಳು ಅಲೆಯಲ್ಲಿರದೆ ಅದನ್ನು ಕಳಿಸಿದವರ ಮನಸ್ಸಿನಲ್ಲಿದ್ದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಸಿಕ್ಕಲಾರದು.

ಇನ್ನು ಹವ್ಯಾಸಿಗಳ ಮಾತು. ೧೯೩೭ರಲ್ಲಿ ಅಮೇರಿಕೆಯ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಎಂಟಡಿ ರೆಕ್ಕೆಯ ಮಾದರಿ ವಿಮಾನವನ್ನು ಕಟ್ಟಿ ನಿಸ್ತಂತುವಿನಿಂದ ಹಾರಿಸಿದರು. 'ಗಫ್' ಎಂಬ ಹೆಸರಿನ ಆ ವಿಮಾನವನ್ನು ಅಲ್ಲಿಯ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ೧೯೪೦ರ ಸುಮಾರಿಗೆ ಜಿಮ್ ವಾಕರ್ ಎಂಬವನು ಎರಡು ತಂತಿಗಳ ಹಿಡಿಕೆಯಿಂದ ವಿಮಾನವನ್ನು ತನ್ನ ಸುತ್ತ ವರ್ತುಲವಾಗಿ ಹಾರಿಸುವ ಸುಲಭ ಕ್ರಮವನ್ನು ಬಳಕೆಗೆ ತಂದನು. ಅಲೆಯ ಯಂತ್ರವನ್ನು ಕೊಳ್ಳಲಾರದ ಹುಡುಗರಿಗೆ ಅದು ವರವಾಯಿತು. ಇದೇ ಕಾಲದಲ್ಲಿ ರೆಜಿನಾಲ್ಡ್ ಡೆನ್ನಿ ಎಂಬ ಚಲಚ್ಚಿತ್ರ ನಟನು ಹಾಲಿವುಡ್ಡಿನಲ್ಲಿ ಮಾದರಿ ವಿಮಾನಗಳ ಅಂಗಡಿಯನ್ನಿಟ್ಟಿದ್ದನು. ಅವನ ವಿನೋದದಿಂದಲೇ ಅಮೇರಿಕೆಯ ಸೇನೆಯ ಗುರಿವಿಮಾನವು ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಸುಮಾರು ೧೫,೦೦೦ ವಿಮಾನಗಳು ತಯಾರಾದವು. ೧೯೪೨ರಲ್ಲಿ ಅಲ್ಲಿಯ ಸರಕಾರವು ಶಾಲೆಯ ಮಕ್ಕಳಿಂದ ಐದು ಲಕ್ಷ ಮರದ ವಿಮಾನಗಳನ್ನು ಬೇಡಿತು. ನಿಜ ವಿಮಾನದ ೭೨ನೆಯ ಒಂದು ಪಾಲಿನ ಆ ಗೊಂಬೆಗಳನ್ನು ನೋಡಿ ಸೈನಿಕರು ಸ್ವಪಕ್ಷದ ಮತ್ತು ಶತ್ರುಪಕ್ಷದ ವಿಮಾನಗಳ ಗುರುತನ್ನು ಕಲಿಯಬೇಕಾಗಿದ್ದಿತು.

ಕರ್ನಾಟಕದಲ್ಲಿ ವಿಮಾನ ಕಟ್ಟುವ ಉದ್ಯೋಗವು ಅದೇ ಯುದ್ಧದ ನೆರಳಿನಲ್ಲಿ ಮೊದಲಾಯಿತು. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಕಲಿತು ಬಂದ ಡಾ. ವಿ. ಎಂ. ಘಾಟಗೆಯವರು ಅಲ್ಲಿ ೧೯೪೧ರಲ್ಲಿ ಹತ್ತು ಜನ ಕೂಡಬಹುದಾದ ಯಂತ್ರರಹಿತ ತೇಲುವಿಮಾನವನ್ನು ರಚಿಸಿದರು, ಅವರ ಎಚ್.ಟಿ.-೨ ಎಂಬ ತರಬೇತಿನ ವಿಮಾನವು ೧೯೫೧ರಲ್ಲಿ ಹಾರಿತು. ಮುಂದೆ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ನಿಪುಣನ ನೇತೃತ್ವದಲ್ಲಿ 'ಮಾರುತ'ವೆಂಬ ಯುದ್ಧವಿಮಾನದ ಕೆಲಸವು ನಡೆಯಿತು. ಅದಕ್ಕೆ ಯಂತ್ರವನ್ನು ಕೂಡಿಸುವ ಮೊದಲು ಅಲ್ಲಿಯ ಕುಶಲರು ಅದರ ಪೂರ್ಣ ಗಾತ್ರದ ಮರದ ಪ್ರತಿರೂಪವನ್ನು ಕಟ್ಟಿದರು. ೧೯೫೯ರಿಂದ ಬೇರೊಂದು ವಿಮಾನವು ಹಗ್ಗದಿಂದ ಅದನ್ನು ಮೇಲಕ್ಕೆಳೆದುಕೊಂಡು ಹೋಗಿ ಬಿಟ್ಟುಬಿಡುವದು, ವೈಮಾನಿಕನು ಅದನ್ನು ತೇಲಿಸಿ ನೆಲಕ್ಕಿಳಿಸುವದು, ಹೀಗೆ ೭೮ ಹಾರಾಟಗಳಾದವು. ಹುಡುಗರು ಕಟ್ಟುವ ಮಾದರಿಯೇ ಇಲ್ಲಿ ನಿಜದಷ್ಟು ದೊಡ್ಡದಾಗಿ ನಿಂತಿತು. ೧೯೬೧ನೆಯ ಜೂನ್ ೧೭ರಂದು ನಿಜವಾದ ಮಾರುತವು ಬೆಂಗಳೂರಿನಲ್ಲಿ ಹಾರಿತು; ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿತು. ಅದೇ ಊರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ರಚಿಸಿದ ಚಾಲಕರಹಿತ ಗುರಿವಿಮಾನವು ೧೯೮೫ರಲ್ಲಿ ಮೊದಲು ಹಾರಿತು. ತನ್ನ ಕೆಲಸವನ್ನು ಮುಗಿಸಿ ಕೊಡೆಯ ಸಹಾಯದಿಂದ ಇಳಿಯುವ ಆ ವಿಮಾನಕ್ಕೆ ಇಟ್ಟ ಹೆಸರು 'ಲಕ್ಷ್ಯ'. ದ್ರೋಣರ ಹಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವದು?

ಮಾದರಿ ವಿಮಾನವನ್ನು ಹಾರಿಸುವದು ಮಕ್ಕಳಾಟವೆಂದು ತಿಳಿದವರು ಅದರ ಲೆಕ್ಕವನ್ನು ಕೇಳಬೇಕು. ಇಂಗ್ಲೆಂಡಿನ ಹೆಸರಾಂತ ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಗಳ ಹರವು ಸುಮಾರು ೩೭ ಅಡಿ. ಅದನ್ನು ಆರರಲ್ಲೊಂದು ಪಾಲು ಮಾಡಿದರೆ ಆರಡಿಗೆ ತುಸು ಮೇಲಾಗುವದು. ಉದ್ದವು ಆರನೆಯ ಪಾಲಾದಾಗ ರೆಕ್ಕೆಯ ಕ್ಷೇತ್ರವು ೩೬ನೆಯ ಪಾಲಾಗುವದು, ಘನಗಾತ್ರವು ೨೧೬ನೆಯ ಪಾಲಾಗುವದು. ಹೀಗಾಗಿ ರೆಕ್ಕೆಯ ಪ್ರತಿಯೊಂದು ಅಡಿಯ ಮೇಲೆ ಬೀಳುವ ಹೊರೆಯು ಕಡಿಮೆಯಾಗಿ ಮಾದರಿಯು ಮೆಲ್ಲಗೆ ಹಾರಬಲ್ಲದು. ಆದರೆ ಗಾಳಿಯು ಮಾತ್ರ ಕಿರಿದಾಗುವದಿಲ್ಲ. ದೊಡ್ಡ ರೆಕ್ಕೆಗೆ ತೆಳುವಾಗಿ ತೋರುವ ಗಾಳಿಯು ಸಣ್ಣ ರೆಕ್ಕೆಗೆ ಅಂಟಿನಂತಾಗಿ ಅದರ ಎತ್ತುವ ಬಲವನ್ನು ಕುಂದಿಸುವದು. ನಿಜ ವಿಮಾನಕ್ಕೆ ಮಂದಮಾರುತವಾದದ್ದು ಮಾದರಿಗೆ ಬಿರುಗಾಳಿಯಾಗುವದು. ಯುದ್ಧವಿಮಾನಗಳ ಮಾದರಿಗಳಂತೂ ಇನ್ನೂ ಕಠಿಣ. ಸ್ಪಿಟ್‌ಫೈರಿನ ಗಾಲಿಗಳು ಒಂದಕ್ಕೊಂದು ಹತ್ತಿರವಿರುವದರಿಂದ ನೆಲದ ಮೇಲೆ ಅದು ಬೇಗ ವಾಲುವದು.

ಹಾರಿಸುವವನ ಕೈಯಲ್ಲಿಯ ಪೆಟ್ಟಿಗೆಯು ಅಲೆಯ ಮೂಲಕ ಕಳಿಸಿದ ಅಪ್ಪಣೆಯನ್ನು ವಿಮಾನದೊಳಗಿನ ಗ್ರಾಹಕವು ಹಿಡಿದು, 'ಸರ್ವೋ' ಎಂಬ ಪುಟ್ಟ ಯಂತ್ರಗಳಿಗೆ ತಿಳಿಸುವದು. ಅವು ಚುಕ್ಕಾಣಿಯನ್ನೂ, ಬಾಲದ ಅಡ್ಡಹಲಗೆಯನ್ನೂ, ರೆಕ್ಕೆಯಂಚಿನ ಪಟ್ಟಿಗಳನ್ನೂ ತಿರುವುವವು. ವಿಮಾನವು ದೂರ ಹೋಗುವಾಗ ಬಲವು ಬಲವೇ. ಎದುರಾಗಿ ಬರುವಾಗ ಹಾರಿಸುವವನಿಗೆ ಅದರ ಬಲವು ಎಡವಾಗಿ ತೋರುವದು. ಆ ಕ್ಷಣದಲ್ಲಿ ಕೈ ತಪ್ಪಿದರೆ ತಿಂಗಳುಗಟ್ಟಲೆ ಕಟ್ಟಿದ ಕೆಲಸವು ಮಣ್ಣುಗೂಡುವದು. ಹಿಂದಿನ ದಿನಗಳಲ್ಲಿ ಇನ್ನೊಂದು ಗಂಡಾಂತರವಿದ್ದಿತು. ಒಂದೇ ಅಲೆಯಂತರದಲ್ಲಿ ಇಬ್ಬರು ಯಂತ್ರ ಹಚ್ಚಿದರೆ ಒಬ್ಬನ ಅಪ್ಪಣೆಯು ಮತ್ತೊಬ್ಬನ ವಿಮಾನವನ್ನು ಕೆಡವುತ್ತಿದ್ದಿತು. ಆದ್ದರಿಂದ ಸಂಘಗಳು ಬಯಲಿನಲ್ಲಿ ಹಲಗೆಯೊಂದನ್ನು ನಿಲ್ಲಿಸಿ, ಒಂದೊಂದು ಅಲೆಗೆ ಒಂದೊಂದು ಕ್ಲಿಪ್ಪನ್ನು ಸಿಕ್ಕಿಸಿಡುತ್ತಿದ್ದವು. ಅದು ಕೈಯಲ್ಲಿದ್ದವನು ಮಾತ್ರ ಹಾರಿಸಬೇಕು. ತನ್ನ ಸರದಿಗಾಗಿ ಕಾಯುವ ಶಿಸ್ತನ್ನು ಈ ಆಟವು ಹೀಗೆ ಕಲಿಸಿತು. ಹೊಸ ರೀತಿಯ ೨.೪ ಗಿಗಾಹರ್ಟ್ಜ್ ಯಂತ್ರಗಳಲ್ಲಿ ಆ ಭಯವು ಉಳಿದಿಲ್ಲ.

ಧಾರವಾಡದ ಹಳ್ಳಿಗಾಡಿಗೆ ಈ ವಿನೋದವು ಬಹುಕಾಲ ದೂರದ ಮಾತಾಗಿತ್ತು. ೧೯೩೩ರ ಕಾಯದೆಯಂತೆ ಪರವಾನಿಗೆಯಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವದೇ ಅಪರಾಧವಾಗಿದ್ದಿತು. ಮಾದರಿ ಕಟ್ಟುವ ಬಾಲ್ಸಾ ಮರವು ದಕ್ಷಿಣ ಅಮೇರಿಕೆಯ ಕಾಡಿನದು. ಆದರೂ ಜೋಳದ ದಂಟಿನ ಸಿಪ್ಪೆಯನ್ನು ಸೀಳಿ, ಒಳಗಿನ ಬೆಂಡಿಗೆ ಚುಚ್ಚಿ, ಗಾಡಿ ಎತ್ತುಗಳನ್ನು ಮಾಡುವ ಎರೆಸೀಮೆಯ ಹುಡುಗರಿಗೂ, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕಸಬುದಾರರಿಗೂ ಹಗುರಾದುದನ್ನು ಗಟ್ಟಿಯಾಗಿ ಕಟ್ಟುವ ಮರ್ಮವು ಅಪರಿಚಿತವಲ್ಲ. ಎನ್.ಸಿ.ಸಿ.ಯ ವಾಯುದಳದ ಶಿಕ್ಷಣದಲ್ಲಿ ಮಾದರಿ ವಿಮಾನವು ಒಂದು ವಿಷಯವಾದದ್ದರಿಂದ ಈ ವಿದ್ಯೆಯು ದೇಶದ ಸಾಮಾನ್ಯ ಮನೆತನಗಳ ಮಕ್ಕಳಿಗೂ ದೊರೆಯುವಂತಾಯಿತು.

ಈಗ ಕಾಣದ ಸೂತ್ರವು ಹೊಲದ ಮೇಲೆಯೂ ರಣಾಂಗಣದ ಮೇಲೆಯೂ ಒಟ್ಟಿಗೆ ಆಡುತ್ತಿದೆ. ೨೦೨೩ರಲ್ಲಿ ಕೇಂದ್ರ ಸರಕಾರವು ಬೆಳೆಗೆ ಔಷಧ ಸಿಂಪಡಿಸುವ ಡ್ರೋನುಗಳನ್ನು ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಒದಗಿಸುವ ಯೋಜನೆಯನ್ನು ಸಾರಿತು. ೨೦೨೫ನೆಯ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ಗಡಿಯಲ್ಲಿ ಎರಡೂ ಪಕ್ಷಗಳ ಡ್ರೋನುಗಳು ಹಾರಿದವು. ಇದನ್ನು ಕಂಡು ಯುದ್ಧವಿಮಾನದ ಆಟವೇ ಕೆಟ್ಟದ್ದು, ಮಕ್ಕಳ ಕೈಗೆ ಅದನ್ನು ಕೊಡಬಾರದೆಂದು ಹೇಳುವವರುಂಟು. ಅವರ ಅಂಜಿಕೆಯನ್ನು ತಳ್ಳಿಹಾಕಲಾಗದು. ಬಡಪಾಯಿ ಗಾಳಿಪಟವೂ ನೈಲಾನಿನ ಮಾಂಜಾ ದಾರವನ್ನು ಕಟ್ಟಿದೊಡನೆ ದಾರಿಹೋಕರ ಕೊರಳನ್ನು ಕೊಯ್ದಿದೆ. ೨೦೧೭ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಆ ದಾರವನ್ನು ನಿಷೇಧಿಸಬೇಕಾಯಿತು. ಆದರೆ ಆಗಲೂ ನಿಷೇಧವು ಬಿದ್ದದ್ದು ದಾರದ ಮೇಲೆ, ಪಟದ ಮೇಲಲ್ಲ.

೨೦೨೧ರ ಡ್ರೋನ್ ನಿಯಮಗಳು ಮಾದರಿ ವಿಮಾನದ ಲಕ್ಷಣವನ್ನು ಹೇಳುವಾಗ ಮೂರು ಮಾತುಗಳನ್ನು ಹೇಳಿವೆ. ಅದರ ತೂಕವು ೨೫ ಕಿಲೋಗ್ರಾಮನ್ನು ಮೀರಬಾರದು. ಅದು ವಿದ್ಯೆ, ಸಂಶೋಧನೆ, ವಿನೋದಗಳಿಗಾಗಿಯೇ ಇರಬೇಕು. ಹಾರಿಸುವವನ ಕಣ್ಣಳವಿಯಲ್ಲಿಯೇ ಹಾರಬೇಕು. ಈ ಮೂರನೆಯ ಮಾತಿನಲ್ಲಿ ಗಾಳಿಪಟದ ಧರ್ಮವೇ ಅಡಗಿರುವದು. ಪಟವನ್ನು ಹಿಡಿದ ಹುಡುಗನು ಅದು ಎಲ್ಲಿದೆ, ಯಾರ ಮನೆಯ ಮಾಳಿಗೆಯ ಮೇಲೆ ಬಿದ್ದೀತು, ಯಾರಿಗೆ ತಾಗೀತು ಎಂಬುದನ್ನು ಕಣ್ಣಾರೆ ಕಾಣುವನು. ಬಿದ್ದರೆ ತಾನೇ ಓಡಿ ಹೋಗಿ ತರುವನು, ಬೈಗಳವನ್ನೂ ತಾನೇ ತಿನ್ನುವನು. ಯುದ್ಧದ ಡ್ರೋನನ್ನು ನಡೆಸುವವನಾದರೋ ನೂರಾರು ಹರದಾರಿಯಾಚೆ ಕೋಣೆಯೊಂದರಲ್ಲಿ ಕುಳಿತಿರಬಹುದು. ಅವನ ಕೈ ತಲುಪುವ ಕಡೆಗೆ ಅವನ ಕಾಲು ತಲುಪುವದಿಲ್ಲ. ಆಟಿಕೆಗೂ ಅಸ್ತ್ರಕ್ಕೂ ಇರುವ ಅಂತರವನ್ನು ರೆಕ್ಕೆಯ ಆಕಾರದಲ್ಲಾಗಲಿ ಮೈಯ ಬಣ್ಣದಲ್ಲಾಗಲಿ ಹುಡುಕಿ ಫಲವಿಲ್ಲ. ಅದು ಸೂತ್ರದ ಈಚೆಯ ತುದಿಯಲ್ಲಿದೆ.

ಸುಗ್ಗಿಯು ಮುಗಿದು ನವಲಗುಂದದ ಎರೆಯು ಬರಿದಾದಾಗ ಅಲ್ಲಿಯ ಬಯಲಿನಲ್ಲಿ ಕಣ್ಣಿಗೆ ಅಡ್ಡಿಯಾಗುವ ಮರವೂ ವಿರಳ. ಅಲ್ಲಿ ನಿಂತು ಮಾರುತದ ಪುಟ್ಟ ಪ್ರತಿರೂಪವನ್ನು ಹಾರಿಸುವ ಬಾಲಕನೊಬ್ಬನು ಅದರ ರೆಕ್ಕೆಯ ಲೆಕ್ಕವನ್ನೂ, ಅದನ್ನು ಕಟ್ಟಿದವರ ಕಷ್ಟವನ್ನೂ, ಅದು ಕಾದಿದ ಯುದ್ಧದ ನೆನಪನ್ನೂ ಒಟ್ಟಿಗೆ ಕಲಿಯಬಲ್ಲನು. ಹಾರಿದ್ದನ್ನು ಕಣ್ಣಿನಿಂದ ಬಿಡದೆ ನೋಡುವದನ್ನೂ, ಇಳಿದಾಗ ಹೊಲದ ಬಿರುಕುಗಳನ್ನು ದಾಟಿ ನಡೆದುಹೋಗಿ ಅದನ್ನೆತ್ತಿಕೊಳ್ಳುವದನ್ನೂ ಹಿರಿಯರು ಅವನಿಗೆ ಕಲಿಸಿದರೆ, ಈ ಕಾಣದ ಸೂತ್ರವು ಒಳ್ಳೆಯ ಕೈಯಲ್ಲಿಯೇ ಉಳಿದೀತು.