ಪಂಕ್ಚರ್ ಆದ ಕಾರೇ ಗೆದ್ದ ರೇಸ್

ಸವೆದು ನುಣ್ಣಗಾದ ಟೈರಲ್ಲಿ ಬೈಕ್ ಓಡಿಸಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಫಾರ್ಮುಲಾ ಒನ್ ಕಾರಿಗೆ ಮಾತ್ರ ಒಣ ರಸ್ತೆಯಲ್ಲಿ ಬೋಳು ಟೈರೇ ಬೇಕು. ಗೀರುಗಳಿಲ್ಲದಿದ್ದರೆ ಹೆಚ್ಚು ರಬ್ಬರ್ ನೆಲ ಮುಟ್ಟುತ್ತದೆ, ಬಿಸಿಯಾದಂತೆ ಮೆತ್ತಗಾಗಿ ರಸ್ತೆಗೆ ಅಂಟುತ್ತದೆ. ಆ ಅಂಟೇ ಗ್ರಿಪ್. ತಣ್ಣಗಿದ್ದರೆ ಜಾರುತ್ತದೆ, ಅತಿಯಾಗಿ ಕಾದರೂ ಹಿಡಿತ ಬಿಡುತ್ತದೆ. ಸವೆತವಂತೂ ಸುತ್ತು ಸುತ್ತಿಗೂ ಇದ್ದೇ ಇದೆ. ಉದುರಿದ ರಬ್ಬರ್ ಮೆತ್ತಿಕೊಂಡು ರಸ್ತೆಯ ಹಿಡಿತವೂ ಬದಲಾಗುತ್ತಾ ಹೋಗುತ್ತದೆ.

ಈ ಲೆಕ್ಕ ಹೇಗೆ ಕೈಕೊಡುತ್ತದೆ ಎಂದು ಹೇಳಲು 1986ರ ಅಕ್ಟೋಬರ್ 26ರ ರೇಸ್‌ಗಿಂತ ಒಳ್ಳೆಯ ಕಥೆ ನಮಗೆ ಸಿಕ್ಕಿಲ್ಲ. ಜಾಗ ಆಸ್ಟ್ರೇಲಿಯಾದ ಅಡಿಲೇಡ್, ಊರ ರಸ್ತೆಗಳನ್ನೇ ಸೇರಿಸಿ ಮಾಡಿದ ಟ್ರ್ಯಾಕ್, ಒಟ್ಟು 82 ಸುತ್ತು. ಅದು ಆ ವರ್ಷದ ಕೊನೆಯ ರೇಸ್. ವಿಲಿಯಮ್ಸ್ ತಂಡದ ನೈಜೆಲ್ ಮ್ಯಾನ್ಸೆಲ್ ಬಳಿ 70 ಅಂಕ, ಮೆಕ್ಲಾರೆನ್‌ನ ಅಲೈನ್ ಪ್ರಾಸ್ಟ್ ಬಳಿ 64, ಮ್ಯಾನ್ಸೆಲ್ ತಂಡದವರೇ ಆದ ನೆಲ್ಸನ್ ಪಿಕೆ ಬಳಿ 63. ಮ್ಯಾನ್ಸೆಲ್ ಮೂರನೆಯವರಾಗಿ ಮುಗಿಸಿದರೂ ವಿಶ್ವ ಚಾಂಪಿಯನ್.

ಅರ್ಧ ದಾರಿಗೂ ಮೊದಲೇ ಪ್ರಾಸ್ಟ್ ಕಾರಿನ ಟೈರ್ ಪಂಕ್ಚರ್ ಆಯಿತು. ನಿಲ್ಲಿಸಿ ನಾಲ್ಕೂ ಟೈರ್ ಬದಲಿಸಿಕೊಳ್ಳುವಷ್ಟರಲ್ಲಿ ಹಿಂದೆ ಬಿದ್ದರು. ಬಿಚ್ಚಿದ ಟೈರ್‌ಗಳನ್ನು ಗುಡ್‌ಇಯರ್ ಕಂಪನಿಯ ತಂತ್ರಜ್ಞರು ನೋಡಿದರು. ಸವೆತ ಕಡಿಮೆ, ಉಳಿದವರು ಟೈರ್ ಬದಲಿಸದೆಯೇ ಮುಗಿಸಬಹುದು ಎಂದರು. ಆದರೆ ಪ್ರಾಸ್ಟ್ ಓಡಿಸುತ್ತಿದ್ದುದೇ ಮೆತ್ತಗೆ, ಹೆಸರೇ 'ಪ್ರೊಫೆಸರ್'. ಅವರ ಟೈರ್ ನೋಡಿ ಬೇರೆಯವರ ಟೈರ್ ಅಳೆದದ್ದು, ನಮ್ಮ ಪ್ರಕಾರ, ಪಕ್ಕದ ಹೊಲದ ಬೆಳೆ ನೋಡಿ ನಮ್ಮ ಇಳುವರಿ ಬರೆದಂತೆ.

63ನೇ ಸುತ್ತು. ಮುಂದಿದ್ದ ಕೆಕೆ ರಾಸ್‌ಬರ್ಗ್‌ಗೆ ಹಿಂದಿನಿಂದ ಬಡಿಯುವ ಸದ್ದು ಕೇಳಿತು. ಎಂಜಿನ್ ಹೋಯಿತೆಂದು ಬದಿಗೆ ನಿಲ್ಲಿಸಿ ಇಳಿದು ನೋಡಿದರೆ ಎಂಜಿನ್‌ಗೆ ಏನೂ ಆಗಿರಲಿಲ್ಲ. ಹಿಂದಿನ ಟೈರ್ ಸಿಪ್ಪೆ ಬಿಟ್ಟು ಕಾರಿಗೆ ಬಡಿಯುತ್ತಿತ್ತು.

ಮರುಸುತ್ತಿನಲ್ಲೇ ಮ್ಯಾನ್ಸೆಲ್ ಸರದಿ. ಬೇಕಾದ ಸ್ಥಾನದಲ್ಲೇ ಇದ್ದರು. ಗಂಟೆಗೆ ಸುಮಾರು 290 ಕಿ.ಮೀ. ವೇಗದಲ್ಲಿ ಎಡಗಡೆಯ ಹಿಂದಿನ ಟೈರ್ ಸಿಡಿಯಿತು. ಕಿಡಿ ಹಾರಿಸುತ್ತಾ ಅತ್ತಿತ್ತ ಹೊಯ್ದಾಡಿದ ಕಾರನ್ನು ಹೇಗೋ ಹಿಡಿದು ನಿಲ್ಲಿಸಿದರು. ಜೀವ ಉಳಿಯಿತು, ಪಟ್ಟ ಹೋಯಿತು. ಟೈರ್ ಸಿಡಿಯುವಾಗಿನ ಆ ವಿಡಿಯೊ ಇವತ್ತಿಗೂ ನೋಡಲು ಭಯ.

ಪಿಕೆಗೂ ಹೀಗೇ ಆದರೆ? ತಂಡ ಅವರನ್ನು ಒಳಗೆ ಕರೆಸಿ ಟೈರ್ ಬದಲಿಸಿತು. ಅಷ್ಟರಲ್ಲಿ ಪ್ರಾಸ್ಟ್ ಮುಂದಾಗಿದ್ದರು. ಅವರ ಟೈರ್ ಹೇಗೂ ಹೊಸದು. ಇನ್ನೊಂದು ಆತಂಕ ಮಾತ್ರ ಇತ್ತು: ಪೆಟ್ರೋಲ್ ಮುಗಿದಿದೆ ಎಂದು ಕಾರಿನ ಮೀಟರ್ ತೋರಿಸುತ್ತಿತ್ತು. ಆದರೂ ಓಡಿಸಿ, ಪಿಕೆಗಿಂತ ಸುಮಾರು 4 ಸೆಕೆಂಡ್ ಮುಂದೆ ಗೆರೆ ದಾಟಿದರು. ಕೇವಲ 2 ಅಂಕದ ಅಂತರದಲ್ಲಿ ಚಾಂಪಿಯನ್. ಗೆರೆ ದಾಟಿ ಸ್ವಲ್ಪ ಮುಂದೆ ಕಾರು ನಿಲ್ಲಿಸಿ, ಹೊರಗೆ ಬಂದು ಕುಣಿದಾಡಿದರು.